ಸಾಮಾನ್ಯ ಮಾನಿಟರ್‌ನಲ್ಲಿ ಎಚ್‌ಡಿಆರ್ ಚಿತ್ರಗಳನ್ನು ನೋಡುವ ಬಗೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗವನ್ನು (ಒಳಗಿನ ಕಂಬಗಳ ಮಂಟಪ) ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ, ಅಂದರೆ ಬೆಳಕನ್ನು ಹೆಚ್ಚುಕಡಿಮೆ ಮಾಡಿ ತೆಗೆದು, ಅವನ್ನು ಒಂದುಗೂಡಿಸಿ ಎಚ್‌ಡಿಆರ್ ಚಿತ್ರವಾಗಿ, ಅಂದರೆ ಅತಿ ಕತ್ತಲಿನಿಂದ ಅತಿ ಬೆಳಕಿನವರೆಗಿನ ವಿವರವೆಲ್ಲ ಇರುವ 32 ಬಿಟ್‌ನ ಇಎಕ್ಸ್‌ಆರ್ ಫೈಲಾಗಿ ಮಾಡಿಕೊಂಡಿದ್ದೇನೆ. ಮನೆಯ ಸಾಮಾನ್ಯ ಮಾನಿಟರ್‌ನಲ್ಲಿ ತೆರೆದರೆ ಜಾಲಂಧ್ರಗಳು (ಕಲ್ಲಿನ ಜಾಲರಿ ಕಿಟಕಿಗಳು) ಬರಿಯ ಬಿಳಿ ಫಲಕಗಳಾಗಿ ಕಾಣುತ್ತವೆ, ಕಂಬಗಳು ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಅಲ್ಲಿಯೇ ಫೋನಿನಲ್ಲಿ ತೆಗೆದ ಚಿತ್ರ ಫೋನಿನ ಪರದೆಯ ಮೇಲೆ ಹೊಳೆಯುತ್ತದೆ, ಕಂಪ್ಯೂಟರಿಗೆ ಹಾಕಿದರೆ ಮಂಕಾಗುತ್ತದೆ. ಹೊಸ ಮಾನಿಟರ್ ಕೊಳ್ಳದೆ ದಾರಿಯಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಮಸ್ಕಾರ. ಈಗಲೇ ಮಾನಿಟರ್ ಕೊಳ್ಳಬೇಡಿ. ಐಪಿಎಸ್ ಎಂಬ ಮಾಮೂಲಿ ಬಗೆಯ ಮಾನಿಟರ್ ಪರದೆಯ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸಾಧಾರಣವಾಗಿ 1000:1ರ ಆಸುಪಾಸಿನಲ್ಲಿರುತ್ತದೆ, ಅಂದರೆ ಛಾಯಾಗ್ರಾಹಕರ ಲೆಕ್ಕದಲ್ಲಿ ಹೆಚ್ಚುಕಡಿಮೆ 10 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು). ಬಿಸಿಲಿಗೆ ಒಡ್ಡಿಕೊಂಡ ಜಾಲಂಧ್ರದಿಂದ ಹಿಡಿದು ಭುವನೇಶ್ವರಿಯ (ಛಾವಣಿಯ ನಡುಭಾಗದ) ಕೆತ್ತನೆಯ ಒಳನೆರಳಿನವರೆಗೆ ಇರುವ ಬೆಳಕಿನ ಅಂತರ ಅದನ್ನು ಸುಲಭವಾಗಿ ಮೀರುತ್ತದೆ. ಇಎಕ್ಸ್‌ಆರ್ ಫೈಲು ಆ ಬೆಳಕಿನ ಪ್ರಮಾಣಗಳನ್ನೆಲ್ಲ ಫ್ಲೋಟ್ (ದಶಮಾಂಶ) ಸಂಖ್ಯೆಗಳಾಗಿ ಉಳಿಸಿಕೊಂಡಿರುತ್ತದೆ. ಚಿತ್ರವನ್ನು ತೋರಿಸುವ ತಂತ್ರಾಂಶವು ಬೇರೇನೂ ಹೇಳದಿದ್ದಾಗ ಪರದೆಯ ಪೂರ್ಣ ಬಿಳಿಯನ್ನು ಸೂಚಿಸುವ 1ಕ್ಕಿಂತ ಮೇಲಿನದನ್ನೆಲ್ಲ ಬಿಳಿಯೆಂದೇ ಕತ್ತರಿಸುತ್ತದೆ. ನೀವು ನೋಡುತ್ತಿರುವ ಬಿಳಿ ಫಲಕಗಳು ಬಹುಮಟ್ಟಿಗೆ ಹೀಗೆ ಹುಟ್ಟಿದವು.

ಆದ್ದರಿಂದ ಮೊದಲ ಕೆಲಸ ಟೋನ್ ಮ್ಯಾಪಿಂಗ್ (ಬೆಳಕಿನ ದೊಡ್ಡ ಅಂತರವನ್ನು ಪರದೆಗೆ ಹಿಡಿಸುವಂತೆ ಕುಗ್ಗಿಸುವುದು) ಅಲ್ಲ, ಫೈಲಿನಲ್ಲಿ ಏನಿದೆಯೆಂದು ನೋಡುವುದು. ಎಕ್ಸ್‌ಪೋಶರ್ ಸ್ಲೈಡರ್ ಇರುವ ಯಾವುದಾದರೂ ತಂತ್ರಾಂಶದಲ್ಲಿ ಚಿತ್ರವನ್ನು ತೆರೆಯಿರಿ; ಟೆವ್ ಎಂಬ ಉಚಿತ ತಂತ್ರಾಂಶ ನನಗೆ ಒಗ್ಗಿದೆ. ಒಂದೊಂದೇ ಸ್ಟಾಪ್ ಇಳಿಸುತ್ತ ಹೋದರೆ ಕಂಬಗಳು ಕತ್ತಲಿಗೆ ಸರಿದು ಜಾಲಂಧ್ರದ ಕೆತ್ತನೆ ಬಿಡಿಸಿಕೊಳ್ಳುತ್ತದೆ. ಏರಿಸುತ್ತ ಹೋದರೆ ಜಾಲಂಧ್ರ ಬಿಳಿಯಾಗಿ, ತಿರುಗಣಿಯಲ್ಲಿ ಕಡೆದ ಕಂಬಗಳ ಉಂಗುರಗಳು ಒಂದೊಂದಾಗಿ ಮೇಲೇಳುತ್ತವೆ. ಎಲ್ಲವನ್ನೂ ಒಟ್ಟಿಗೆ ತೋರಿಸಲಾರದ ಮಾನಿಟರ್ ಎಲ್ಲವನ್ನೂ ಸರದಿಯ ಮೇಲೆ ಖಂಡಿತ ತೋರಿಸುತ್ತದೆ. ಎಷ್ಟು ಇಳಿಸಿದರೂ ಜಾಲಂಧ್ರದಲ್ಲಿ ವಿವರ ಮೂಡದೆ ಅದು ಸಪಾಟಾದ ಬೂದುಬಣ್ಣಕ್ಕೆ ತಿರುಗಿದರೆ, ನಿಮ್ಮ ಅತಿ ಕಡಿಮೆ ಎಕ್ಸ್‌ಪೋಶರಿನ ಚಿತ್ರದಲ್ಲಿಯೇ ಆ ಬೆಳಕು ಹಿಡಿಸಿಲ್ಲವೆಂದು ತಿಳಿಯಬೇಕು, ಮತ್ತು ಅದನ್ನು ಎಷ್ಟು ಬೆಲೆಯ ಮಾನಿಟರೂ ಮರಳಿ ತರಲಾರದು.

ಟೋನ್ ಮ್ಯಾಪಿಂಗ್ ಇದರ ಅನಂತರದ ಮಾತು. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 2.10ನೆಯ ಆವೃತ್ತಿಯಿಂದೀಚೆಗೆ ಬಣ್ಣಗಳ ಮೆನುವಿನಲ್ಲಿಯೇ ರೈನ್‌ಹಾರ್ಡ್, ಫಟ್ಟಾಲ್, ಮ್ಯಾಂಟ್ಯುಕ್ ವಿಧಾನಗಳು ಸಿಗುತ್ತವೆ. ರೈನ್‌ಹಾರ್ಡ್ ವಿಧಾನದಿಂದ ಆರಂಭಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಅದು ನೆರೆಯ ಚುಕ್ಕೆಗಳ ಅಂತರವನ್ನು ಬೇಕೆಂದೇ ಹಿಗ್ಗಿಸುವುದಿಲ್ಲ. ಫಟ್ಟಾಲ್ ವಿಧಾನ ದೊಡ್ಡ ಏರಿಳಿತಗಳನ್ನು ತಗ್ಗಿಸಿ ಸಣ್ಣ ವಿವರಗಳನ್ನು ಎತ್ತಿಹಿಡಿಯುತ್ತದೆ. ಮಿತಿಮೀರಿದರೆ ಜಾಲಂಧ್ರದ ಸುತ್ತ ಪ್ರಭೆಯಂತಹ ಅಂಚು ಮೂಡುತ್ತದೆ, ಬಳಪದ ಕಲ್ಲಿನ ನುಣುಪು ಅಳಿದು ಎಲ್ಲೆಡೆ ಒರಟು ಕಾಣಿಸುತ್ತದೆ. ನವರಂಗ ಸಹಜವಾಗಿಯೇ ಮಬ್ಬು ಬೆಳಕಿನ ಜಾಗ. ಕಂಬಗಳನ್ನು ಹೊರಗಿನ ಜಗಲಿಯಷ್ಟು ಬೆಳಗಿಸಿದ ಚಿತ್ರ ನನ್ನ ಕಣ್ಣಿಗೆ ಬೇಲೂರಿನದೆನಿಸುವುದಿಲ್ಲ. ಕತ್ತಲನ್ನು ಕತ್ತಲಾಗಿಯೇ ಬಿಟ್ಟು, ಅದರೊಳಗೆ ಕೆತ್ತನೆ ಗುರುತಿಗೆ ಸಿಗುವಷ್ಟು ಬೆಳಕು ಕೊಟ್ಟರೆ ಸಾಕು.

ಎರಡನೆಯ ಉತ್ತರ

ಫೋನಿನ ಚಿತ್ರದ ಬಗ್ಗೆ ಹೇಳುತ್ತೇನೆ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಬಳಕೆಗೆ ಬಂದ ಅಲ್ಟ್ರಾ ಎಚ್‌ಡಿಆರ್ ಬಗೆಯ ಫೈಲಿನಲ್ಲಿ ಎಲ್ಲ ಕಡೆ ತೆರೆಯಬಹುದಾದ ಮಾಮೂಲಿ ಜೆಪೆಗ್ ಚಿತ್ರವೂ, ಎಲ್ಲಿ ಎಷ್ಟು ಪಟ್ಟು ಬೆಳಕು ಹೆಚ್ಚಿಸಬೇಕೆಂದು ತಿಳಿಸುವ ಗೇನ್ ಮ್ಯಾಪ್ ಎಂಬ ಇನ್ನೊಂದು ಪದರವೂ ಇರುತ್ತವೆ. ಐಫೋನಿನ ಚಿತ್ರಗಳಲ್ಲೂ ಇಂಥದೇ ಏರ್ಪಾಡಿದೆ. ಸಾಮಾನ್ಯ ಮಾನಿಟರ್‌ನಲ್ಲಿ ಆ ಪದರ ಬಳಕೆಯಾಗುವುದಿಲ್ಲವಾದ್ದರಿಂದ ನಿಮಗೆ ಮಂಕಾಗಿ ತೋರಿದ್ದು ಕೆಟ್ಟ ಚಿತ್ರವಲ್ಲ, ಇಂತಹ ಪರದೆಗಾಗಿಯೇ ಸಿದ್ಧವಾದ ರೂಪ. ಗೇನ್ ಮ್ಯಾಪ್ ಅರಿಯದ ಹಳೆಯ ತಂತ್ರಾಂಶದಲ್ಲಿ ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದರೆ ಆ ಪದರ ಕಳೆದುಹೋಗುತ್ತದೆ. ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಮಾನಿಟರ್ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಎಚ್‌ಡಿಆರ್ ಪರದೆಯಲ್ಲಿಯೇ ನೋಡುವವರಿಗಾಗಿ ಚಿತ್ರ ಸಿದ್ಧಪಡಿಸುವವರು ಅಂತಹ ಪರದೆಯಿಲ್ಲದೆ ಅಂತಿಮ ತೀರ್ಮಾನ ಮಾಡುವುದು ಕಷ್ಟ. ಕೊಳ್ಳುವುದೇ ಆದರೆ ಡಿಸ್‌ಪ್ಲೇ ಎಚ್‌ಡಿಆರ್ 400 ಎಂಬ ಮುದ್ರೆಯೊಂದನ್ನೇ ನಂಬಬೇಡಿ: ಅದು 400 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕನ್ನು ಕೇಳುತ್ತದೆಯೇ ಹೊರತು, ಪರದೆಯ ಭಾಗಗಳನ್ನು ಬೇರೆ ಬೇರೆಯಾಗಿ ಮಂಕುಗೊಳಿಸುವ ಸೌಲಭ್ಯವನ್ನು ಕಡ್ಡಾಯ ಮಾಡುವುದಿಲ್ಲ. ನನ್ನ ಪರದೆ ಅದೇ ದರ್ಜೆಯದು, ವಿಂಡೋಸ್‌ನಲ್ಲಿ ಎಚ್‌ಡಿಆರ್ ಚಾಲೂ ಮಾಡಿದೊಡನೆ ಇಡೀ ಡೆಸ್ಕ್‌ಟಾಪ್ ಬಿಳಿಚಿಕೊಳ್ಳುತ್ತದೆ. ವಿಂಡೋಸ್, ಆಲ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಎಚ್‌ಡಿಆರ್ ನಿಲ್ಲಿಸಿಯೇ ಕೆಲಸ ಮಾಡುತ್ತೇನೆ. ಪ್ರತಿ ಚುಕ್ಕೆಯೂ ತಾನೇ ಬೆಳಗುವ, ಆರುವ ಓಎಲ್‌ಇಡಿ ಪರದೆ ಕೈಗೆಟುಕುವವರೆಗೆ ಕಾಯುವುದು ಮೇಲು.

ಮೂರನೆಯ ಉತ್ತರ

ಕೋಣೆಯ ಬೆಳಕನ್ನು ಯಾರೂ ಹೇಳಲಿಲ್ಲ. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದರೆ ಕಪ್ಪು ಬೂದಾಗುತ್ತದೆ, ಆಗ ಆ 1000:1 ಕಾಗದದ ಮೇಲಿನ ಸಂಖ್ಯೆಯಾಗಿ ಉಳಿಯುತ್ತದೆ. ಕಿಟಕಿಯ ಪರದೆ ಎಳೆದು, ಮಾನಿಟರ್ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್ ನಿಲ್ಲಿಸಿ, ಎಸ್‌ಆರ್‌ಜಿಬಿ (ಮಾಮೂಲಿ ಬಣ್ಣಗಳ ಮಾನಕ) ಮೋಡ್ ಆಯ್ದುಕೊಂಡು ನೋಡಿ. ಕಂಬಗಳ ನೆರಳಿನಲ್ಲಿ ಅಡಗಿದ್ದ ಎಷ್ಟೋ ವಿವರ ತಾನಾಗಿ ಕಾಣುತ್ತದೆ.

ಇನ್ನೊಂದು ಸೂಚನೆ. ಟೋನ್ ಮ್ಯಾಪಿಂಗ್ ಮುಗಿಸಿ 32 ಬಿಟ್‌ನಿಂದ 8 ಬಿಟ್‌ಗೆ ಇಳಿಸಿದಾಗ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಉಳಿಯುತ್ತವೆ, ಛಾವಣಿಯ ಕಡೆಗೆ ಮೆಲ್ಲಗೆ ಕತ್ತಲಾಗುವ ಭಾಗಗಳಲ್ಲಿ ಪಟ್ಟೆಗಳು ಏಳುತ್ತವೆ. ಗಿಂಪ್‌ನಲ್ಲಿ ಹೀಗೆ ಇಳಿಸುವಾಗ ಡಿದರಿಂಗ್ (ಮೆಟ್ಟಿಲುಗಳ ಅಂಚನ್ನು ಸಣ್ಣ ಚುಕ್ಕೆಗಳಿಂದ ಬೆರೆಸುವುದು) ಆಯ್ಕೆಯನ್ನು ಚಾಲೂ ಇಟ್ಟರೆ ಅವು ಬಹಳಮಟ್ಟಿಗೆ ಅಡಗುತ್ತವೆ.