ಬ್ರೇಕ್ ಲೈಟ್ ಆರೋದೇ ಇಲ್ಲ, ವಾರದಲ್ಲಿ ಎರಡನೇ ಸಲ ಬ್ಯಾಟರಿ ಡೌನ್

ಘಟ್ಟದಕೆಳಗೆ:
ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಬ್ಯಾಟರಿ ಮತ್ತೆ ಸತ್ತಿದೆ ಮಾರಾಯ್ರೆ. ಕೀ ತೆಗೆದರೂ ಹಿಂದೆ ಬ್ರೇಕ್ ಲೈಟ್ ಉರೀತಾನೇ ಉಂಟು. ಪೆಡಲ್ ಸ್ವಿಚ್ ಹೊಸದು ಹಾಕಿಸಿ ಆಯ್ತು, ಆದರೂ ಹಾಗೇ. ಗ್ಯಾರೇಜಿನವರು ವೈರಿಂಗ್ ಪೂರ್ತಿ ಬಿಚ್ಚಬೇಕು ಅಂತಿದ್ದಾರೆ. ನಾಡಿದ್ದು ಅಮ್ಮನನ್ನು ಕರ್ಕೊಂಡು ಶಿರಾಡಿ ಹತ್ತಿ ಹಾಸನಕ್ಕೆ ಹೋಗ್ಲಿಕ್ಕುಂಟು. ಯಾರಾದರೂ ಹೇಳಿ.

ತಾಮ್ರದತಂತಿ:
ಕರಾವಳಿ ಗಾಡಿ ತಾನೇ? ಅರ್ತ್, ಅಂದರೆ ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ಕನೆಕ್ಷನ್. ಬೇರೆ ಏನೂ ಅಲ್ಲ. ಒಂದೇ ಬಲ್ಬಲ್ಲಿ ಪಾರ್ಕಿಂಗ್ ಲೈಟಿಗೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್ ಅಂತ ಎರಡು ಫಿಲಮೆಂಟ್ ಇರುತ್ತೆ. ಹೋಲ್ಡರ್ ಅರ್ತ್‌ಗೆ ತುಕ್ಕು ಹಿಡಿದರೆ ಒಂದರ ಕರೆಂಟು ಇನ್ನೊಂದರಲ್ಲಿ ನುಗ್ಗುತ್ತೆ. ಲ್ಯಾಂಪ್ ಬಿಚ್ಚಿ ಅರ್ತ್ ಬೋಲ್ಟನ್ನ ಸ್ಯಾಂಡ್‌ಪೇಪರಲ್ಲಿ ಉಜ್ಜಿ.

ಘಟ್ಟದಕೆಳಗೆ:
ಎರಡೂ ಕಡೆ ಉಜ್ಜಿದೆ. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯ್ತು. ಏನೂ ವ್ಯತ್ಯಾಸ ಇಲ್ಲ.

ತಾಮ್ರದತಂತಿ:
ಹಾಗಾದರೆ ಸರಿಯಾಗಿ ಉಜ್ಜಿಲ್ಲ. ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಒಂದು ವೈರ್ ಹಿಂದಕ್ಕೆ ಎಳೆದು ನೋಡಿ.

ಹಳೇಜೀಪು:
ನನ್ನ ಜೀಪಿಗೆ ನಾನೇ ಪೂರ್ತಿ ವೈರಿಂಗ್ ಮಾಡಿದ್ದು. ಪ್ರತಿ ಲೈಟಿಗೂ ಬೇರೆ ಅರ್ತ್, ಬೇರೆ ಫ್ಯೂಸ್, ಹಿಂದೆ ಎಲ್ಲಾ ಎಲ್‌ಇಡಿ. ನಾಲ್ಕು ಮಳೆಗಾಲ ಆಯ್ತು, ಒಂದು ಬಲ್ಬೂ ಹೋಗಿಲ್ಲ. ಸದ್ಯಕ್ಕೆ ಬ್ರೇಕ್ ಲೈಟಿನ ಫ್ಯೂಸ್ ಕಿತ್ತಿಟ್ಟು ಹಾಸನಕ್ಕೆ ಹೋಗಿ ಬನ್ನಿ. ಬಂದಮೇಲೆ ನಿಧಾನಕ್ಕೆ ನೋಡಿದರಾಯ್ತು.

ನಟ್ಟುಬೋಲ್ಟು:
ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಶಿರಾಡಿ ತಿರುವಲ್ಲಿ ಹಿಂದೆ ಲೋಡ್ ಲಾರಿ ಇರುತ್ತೆ, ನೀವು ಬ್ರೇಕ್ ಹಾಕಿದ್ದು ಅವನಿಗೆ ಗೊತ್ತಾಗೋದು ಹೇಗೆ? ಯಾವಾಗಲೂ ಉರಿಯೋ ಲೈಟೂ ಅಷ್ಟೇ ಅಪಾಯ.

ಹಳೇಜೀಪು:
ನಿಧಾನಕ್ಕೆ ಹೋದರೆ ಏನೂ ಆಗಲ್ಲ. ಮೂವತ್ತು ವರ್ಷದಿಂದ ಘಾಟಿ ಓಡಿಸ್ತಿದ್ದೀನಿ.

ನಟ್ಟುಬೋಲ್ಟು:
ಹಿಂದಿನವನೂ ನಿಧಾನಕ್ಕೆ ಬರಬೇಕಲ್ಲ ಸಾರ್. ಇರಲಿ. @ಘಟ್ಟದಕೆಳಗೆ, ಗಾಡಿ ಯಾವ ವರ್ಷದ್ದು? ಹಿಂದಿನ ಗಾಜಿನ ಹತ್ತಿರ ಇರೋ ಮೂರನೇ ಬ್ರೇಕ್ ಲೈಟೂ ಉರೀತಿದೆಯಾ? ಪಾರ್ಕಿಂಗ್ ಆಫ್ ಇದ್ದಾಗಲೂ?

ಘಟ್ಟದಕೆಳಗೆ:
2011ರದ್ದು, ಪೆಟ್ರೋಲು. ಹೌದು, ಮೂರೂ ಉರೀತದೆ, ಪೂರ್ತಿ ಬೆಳಕಲ್ಲಿ. ಪಾರ್ಕಿಂಗ್ ಆಫೇ.

ನಟ್ಟುಬೋಲ್ಟು:
ಹಾಗಿದ್ದರೆ ಹಿಂದಿನ ಅರ್ತ್ ಬಿಟ್ಟುಬಿಡಿ. ಪಾರ್ಕಿಂಗ್ ಆಫ್ ಇದ್ದಮೇಲೆ ನುಗ್ಗೋಕೆ ಕರೆಂಟೇ ಇಲ್ಲ. ಬ್ಯಾಟರಿ ಸಾಯೋದಕ್ಕೂ ಲೆಕ್ಕ ಸಿಗುತ್ತೆ: ಎರಡು ಬಲ್ಬಿಗೆ 42 ವ್ಯಾಟ್, ಅಂದರೆ 12 ವೋಲ್ಟಿಗೆ ಮೂರೂವರೆ ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿ ಹತ್ತು ಗಂಟೆ ತಡೆದರೆ ಹೆಚ್ಚು.
ಈಗ ಪೆಡಲ್ ಸ್ವಿಚ್ಚಿನ ಕನೆಕ್ಟರ್ ಕಿತ್ತು ನೋಡಿ. ಲೈಟ್ ಆರಿದರೆ ತೊಂದರೆ ಪೆಡಲ್ ಹತ್ತಿರ. ಆರದೇ ಇದ್ದರೆ ಸ್ವಿಚ್ಚಿಂದ ಹಿಂದಕ್ಕೆ ಹೋಗೋ ವೈರ್ ಎಲ್ಲೋ ಶಾರ್ಟ್ ಆಗಿದೆ.

ಘಟ್ಟದಕೆಳಗೆ:
ಕಿತ್ತ ಕೂಡಲೇ ಮೂರೂ ಆರಿತು! ಆದರೆ ಸ್ವಿಚ್ ಹೊಸದಲ್ವಾ?

ತಾಮ್ರದತಂತಿ:
ಹೊಸದು ಅಂತ ಹೇಳಿ ಹಳೇದೇ ಹಾಕಿರ್ತಾರೆ. ಆ ಅರ್ತ್ ವೈರ್ ಎಳೆದ್ರಾ?

ನಟ್ಟುಬೋಲ್ಟು:
ಸ್ವಿಚ್ ಸರಿ ಇರಬಹುದು. ಸ್ವಿಚ್ಚಿನ ಕಡ್ಡಿ ಒಳಗೆ ಒತ್ತಿರೋವಾಗ ಲೈಟ್ ಆಫ್, ಪೆಡಲ್ ತುಳಿದಾಗ ಕಡ್ಡಿ ಹೊರಗೆ ಬಂದು ಲೈಟ್ ಆನ್. ಕಡ್ಡಿ ತಾಗೋ ಜಾಗದಲ್ಲಿ, ಪೆಡಲಿನ ಕಬ್ಬಿಣದ ತೂತಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಗುಂಡಿ ಸಿಕ್ಕಿಸಿರ್ತಾರೆ. ವರ್ಷ ಕಳೆದಂತೆ ಅದು ಪುಡಿಯಾಗಿ ಬಿದ್ದುಹೋಗುತ್ತೆ. ಆಮೇಲೆ ಕಡ್ಡಿ ತೂತಿನೊಳಗೇ ತೂರಿಕೊಳ್ಳುತ್ತೆ. ಟಾರ್ಚ್ ಬಿಟ್ಟು ನೋಡಿ, ಮ್ಯಾಟ್ ಮೇಲೆ ಚೂರು ಬಿದ್ದಿದೆಯಾ?

ಘಟ್ಟದಕೆಳಗೆ:
ಅಯ್ಯೋ, ಹೋದ ಭಾನುವಾರ ಮ್ಯಾಟ್ ಕೊಡವುವಾಗ ಬಿಳಿ ಚೂರು ಸಿಕ್ಕಿತ್ತು. ಮಗಳ ಆಟಿಕೆಯದ್ದು ಅಂತ ಎಸೆದೆ. ಈಗ ನೋಡಿದೆ, ತೂತು ಖಾಲಿ ಉಂಟು, ಕಡ್ಡಿ ಆಚೆ ಬದಿಗೆ ಬಂದಿದೆ. ಸ್ವಿಚ್ಚಿಗೆ ಕೊಟ್ಟ ದುಡ್ಡು ದಂಡ. ಬಿಚ್ಚಿ ಹಾಕಿದವರ ಕಣ್ಣಿಗೆ ಇಷ್ಟು ದೊಡ್ಡ ತೂತು ಕಾಣಲಿಲ್ಲವಾ!

ಘಟ್ಟದಕೆಳಗೆ:
ತೂತಿಗೆ ಚಪ್ಪಟೆ ತಲೆಯ ಬೋಲ್ಟ್ ಹಾಕಿ ಹಿಂದೆ ನಟ್ ಬಿಗಿದೆ. ಲೈಟ್ ಆರಿತು. ಆದರೆ ಈಗ ಪೆಡಲ್ ಸುಮಾರು ಒತ್ತಿದ ಮೇಲೆಯೇ ಹೊತ್ತುತ್ತದೆ.

ನಟ್ಟುಬೋಲ್ಟು:
ಬೋಲ್ಟಿನ ತಲೆ ದಪ್ಪ ಆಯ್ತು. ಸ್ವಿಚ್ಚಿನ ಲಾಕ್‌ನಟ್ ಸಡಿಲಿಸಿ ಸ್ವಿಚ್ಚನ್ನ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಕಾಲಿಟ್ಟ ಕೂಡಲೇ ಹೊತ್ತಬೇಕು. ಮನೆಯವರನ್ನ ಹಿಂದೆ ನಿಲ್ಲಿಸಿ ಹತ್ತು ಸಲ ನೋಡಿ, ಆಮೇಲೆ ಘಾಟಿ ಹತ್ತಿ. ಸಿಕ್ಕ ಕೂಡಲೇ ಒರಿಜಿನಲ್ ಗುಂಡಿಯನ್ನೇ ಹಾಕಿ.

ತಾಮ್ರದತಂತಿ:
ಆದರೂ ಅರ್ತ್ ಉಜ್ಜಿದ್ದು ಒಳ್ಳೇದೇ ಆಯ್ತು.

ಸಂಜೆಸವಾರಿ:
ಇದೇ ಥರ ಇರೋದರಿಂದ ಇಲ್ಲೇ ಕೇಳ್ತೀನಿ. ನಂದು ಆಟೋಮ್ಯಾಟಿಕ್. ಬ್ರೇಕ್ ಒತ್ತದೇನೇ ಲಿವರ್ ಪಾರ್ಕ್‌ನಿಂದ ಈಚೆ ಬರ್ತಿದೆ. ವೇಗ ತಾನೇ ಕಾಯ್ದುಕೊಳ್ಳೋ ಕ್ರೂಸ್ ಕಂಟ್ರೋಲೂ ಹಿಡೀತಿಲ್ಲ.

ನಟ್ಟುಬೋಲ್ಟು:
ಬ್ರೇಕ್ ಒತ್ತಿದ್ದು ಲಿವರ್ ಲಾಕಿಗೂ ಕ್ರೂಸಿಗೂ ಗೊತ್ತಾಗೋದು ಇದೇ ಪೆಡಲ್ ಸ್ವಿಚ್ಚಿಂದ. ಕೆಳಗಿಳಿದು ಹಿಂದೆ ನೋಡಿದ್ರಾ, ಬ್ರೇಕ್ ಲೈಟ್ ಉರೀತಿದೆಯಾ?