ಕಾರವಾರ: ಎಸಿಪಿ ಮೇಲೆ ಕಪ್ಪು ಗೆರೆ, ಬುಡದಲ್ಲಿ ಗುಳ್ಳೆ. ಆ್ಯಸಿಡ್ ಹಾಕಿ ತೊಳೆಯಬಹುದೇ?

ಕೋಡಿಬಾಗ ಕಾಂಪ್ಲೆಕ್ಸ್ (ಪ್ರಶ್ನೆ)

ಕೋಡಿಬಾಗದಲ್ಲಿ ನೆಲಮಹಡಿ, ಮೇಲೆ ಮೂರು ಮಹಡಿಯ ಅಂಗಡಿ-ಆಫೀಸು ಕಟ್ಟಡ. ಮುಂಭಾಗ ಪಶ್ಚಿಮಕ್ಕೆ, ಸಮುದ್ರದ ಗಾಳಿ ನೇರವಾಗಿ ಹೊಡೆಯುತ್ತದೆ. ಮುಂದೆ ಸುಮಾರು 300 ಚದರ ಮೀಟರ್ 4 ಮಿ.ಮೀ. ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟ್), ಕಡು ನೀಲಿ ಮತ್ತು ಬೆಳ್ಳಿ ಬಣ್ಣ. ಹಿಂದೆ ಮೆಟ್ಟಿಲು ಮತ್ತು ಲಿಫ್ಟ್ ಕೋಣೆಗೆ ಬಣ್ಣದ ಗ್ಯಾಲ್ವಾಲ್ಯೂಮ್ (ಅಲ್ಯೂಮಿನಿಯಂ-ಸತು ಲೇಪದ ಉಕ್ಕು) ಪ್ರೊಫೈಲ್ ಶೀಟ್. ಬಾಲ್ಕನಿ ರೇಲಿಂಗ್ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್). ಎಲ್ಲ ಹಾಕಿ ಆರು ವರ್ಷ ಆಯ್ತು, ತೊಳೆದದ್ದು ಮಳೆ ಮಾತ್ರ.

ಈಗಿನ ಸ್ಥಿತಿ: ಎಸಿಪಿ ಜಾಯಿಂಟ್‌ಗಳ ಕೆಳಗೆ ಕಪ್ಪು ಗೆರೆ ಇಳಿದಿದೆ. ನೀಲಿ ಶೀಟು ಮುಟ್ಟಿದರೆ ಕೈಗೆ ಬಿಳಿ ಪುಡಿ. ನೆಲಮಹಡಿಯ ಕೊನೆಯ ಸಾಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಹಿಂದಿನ ಶೀಟಿನ ಸ್ಕ್ರೂ ತಲೆಗಳೆಲ್ಲ ತುಕ್ಕು. ರೇಲಿಂಗಿಗೆ ಚಹಾ ಬಣ್ಣದ ಕಲೆ.

ಕ್ಲೀನಿಂಗ್ ಮಾಡುವವರು "ಟೈಲ್ಸ್ ಆ್ಯಸಿಡ್ ತೆಳ್ಳಗೆ ಮಾಡಿ ಹೊಡೆದು ಪ್ರೆಷರ್ ವಾಷರ್ ಬಿಟ್ಟರೆ ಹೊಸದರ ಹಾಗೆ ಆಗ್ತದೆ" ಅನ್ನುತ್ತಿದ್ದಾರೆ. ಸರಿಯಾ? ವರ್ಷಕ್ಕೆ ಎಷ್ಟು ಸಲ ತೊಳೆಯಬೇಕು? ನೀರು ನಮ್ಮ ಬೋರಿನದೇ, ಏಪ್ರಿಲ್-ಮೇನಲ್ಲಿ ಸ್ವಲ್ಪ ಸವಳು.

ಫಸಾಡ್ ಕುಮಟಾ

ಆ್ಯಸಿಡ್ ಮಾತು ಅಲ್ಲಿಗೇ ಬಿಡಿ ಸರ್. ಟೈಲ್ಸ್ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಬಣ್ಣ ಗಟ್ಟಿಯಿರುವ ಕಡೆ ತಕ್ಷಣಕ್ಕೆ ಏನೂ ಕಾಣುವುದಿಲ್ಲ, ಅದಕ್ಕೇ ಜನ ನಂಬುವುದು. ಕತ್ತರಿಸಿದ ಬದಿ, ಮಡಿಚಿದ ಮೂಲೆ, ರಿವೆಟ್ ತೂತು ಇಲ್ಲೆಲ್ಲ ಬರಿ ಅಲ್ಯೂಮಿನಿಯಂ ಹೊರಗಿರುತ್ತದೆ. ಆ್ಯಸಿಡ್ ಅಲ್ಲಿಗೆ ಇಳಿದು ಲೋಹವನ್ನೂ ತಿನ್ನುತ್ತದೆ, ಒಣಗಿದ ಮೇಲೆ ಕ್ಲೋರೈಡನ್ನೂ ಬಿಟ್ಟು ಹೋಗುತ್ತದೆ. ನಿಮ್ಮ ಕಟ್ಟಡಕ್ಕೆ ಕಾಟ ಕೊಡುತ್ತಿರುವುದೇ ಸಮುದ್ರದ ಉಪ್ಪಿನಲ್ಲಿರುವ ಈ ಕ್ಲೋರೈಡ್. ದುಡ್ಡು ಕೊಟ್ಟು ಇನ್ನಷ್ಟು ತುಂಬಿಸಿದ ಹಾಗಾಯ್ತು. ಎಸ್‌ಎಸ್ ರೇಲಿಂಗಿಗೆ ಹಾರಿದರಂತೂ ಸೂಜಿಮೊನೆಯಷ್ಟು ಗುಂಡಿ ಬೀಳುತ್ತವೆ, ಅವು ಪಾಲಿಶ್‌ಗೂ ಸುಲಭಕ್ಕೆ ಹೋಗುವುದಿಲ್ಲ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಕೂಡ ಬೇಡ, ಅಲ್ಯೂಮಿನಿಯಂಗೆ ಆಮ್ಲದಷ್ಟೇ ಕ್ಷಾರವೂ ಕೆಟ್ಟದ್ದು.

ಮೊದಲು ಆ ಬಿಳಿ ಪುಡಿ ಯಾವುದೆಂದು ತಿಳಿದುಕೊಳ್ಳಿ. ಒಂದು ಅಡಿ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ, ಆಮೇಲೆ ಕಪ್ಪು ಬಟ್ಟೆಯಿಂದ ಉಜ್ಜಿ ನೋಡಿ. ಪುಡಿ ಬರದಿದ್ದರೆ ಅದು ಉಪ್ಪು-ಧೂಳು, ನೀರಿಗೆ ಹೋಗಿದೆ. ಮತ್ತೆ ಪುಡಿ ಬಂದರೆ, ಒದ್ದೆಯಿದ್ದಾಗ ನೀಲಿ ಚೆನ್ನಾಗಿ ಕಂಡು ಒಣಗಿದ ಕೂಡಲೇ ಮಂಕಾದರೆ, ಅದು ಚಾಕಿಂಗ್. ಬಿಸಿಲಿಗೆ ಬಣ್ಣದ ರಾಳ ಸವೆದು ಒಳಗಿನ ಪಿಗ್ಮೆಂಟ್ ಪುಡಿಯಾಗಿ ಹೊರಬರುವುದು. ಮುಟ್ಟಿದರೆ ಮರಳಿನಂತೆ ಒರಟಾಗಿ, ಗುಳ್ಳೆಯ ಸುತ್ತಮುತ್ತ ಮಾತ್ರ ಇದ್ದರೆ ಅದು ಅಲ್ಯೂಮಿನಿಯಂ ತುಕ್ಕು. ಮೂರಕ್ಕೂ ಮದ್ದು ಬೇರೆ ಬೇರೆ.

ತೊಳೆಯುವ ಕ್ರಮ ಹೀಗೆ. ಪಶ್ಚಿಮದ ಗೋಡೆಯನ್ನು ಬೆಳಿಗ್ಗೆ ನೆರಳಿರುವಾಗ, 11 ಗಂಟೆಯೊಳಗೆ ಮುಗಿಸಿ. ಶೀಟು ಕಾದಿದ್ದರೆ ಸೋಪು ಅಲ್ಲೇ ಒಣಗಿ ಕಲೆಯಾಗುತ್ತದೆ. ಮೊದಲು ಬರಿ ನೀರು ಬಿಟ್ಟು ಮರಳು, ಉಪ್ಪು ಇಳಿಸಿ. ಒಣಗಿದ ಉಪ್ಪಿನ ಮೇಲೆ ಬಟ್ಟೆ ಎಳೆದರೆ ಗೀರು ಖಂಡಿತ. ನಂತರ 10 ಲೀಟರ್ ಬಕೆಟ್ಟಿಗೆ 100 ಮಿ.ಲೀ. ನ್ಯೂಟ್ರಲ್ ಡಿಟರ್ಜೆಂಟ್ (ಪಿಎಚ್ 6ರಿಂದ 8ರೊಳಗಿನದು, ಪಾತ್ರೆ ತೊಳೆಯುವ ಸಾದಾ ಲಿಕ್ವಿಡ್ ಆದರೂ ನಡೆಯುತ್ತದೆ) ಬೆರೆಸಿ, ಮೈಕ್ರೋಫೈಬರ್ ಅಥವಾ ಮೆತ್ತನೆ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಶುರು ಮಾಡಿದರೆ ಸೋಪುನೀರು ಒಣ ಕೊಳೆಯ ಮೇಲೆ ಇಳಿದು ಗೆರೆ ಬೀಳುತ್ತದೆ. ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ತೊಳೆಯಿರಿ. ಒಮ್ಮೆಗೆ 10 ಚದರ ಮೀಟರ್‌ಗಿಂತ ಹೆಚ್ಚು ಹಿಡಿಯಬೇಡಿ.

ನೀರಿನ ಲೆಕ್ಕ ಚದರ ಮೀಟರ್‌ಗೆ 5 ಲೀಟರ್ ಹಿಡಿದರೆ ನಿಮಗೆ 1,500 ಲೀಟರ್. ಏಪ್ರಿಲ್ ಬೋರಿನ ಸವಳು ನೀರು ಮಾತ್ರ ಬೇಡ, ಟ್ಯಾಂಕರ್ ತರಿಸಿ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಅದ್ದಿ ನೋಡಿ. 300 ದಾಟಿದ ನೀರನ್ನು ಕೊನೆಯ ತೊಳೆತಕ್ಕಂತೂ ಬಳಸಬೇಡಿ.

ಪ್ರೆಷರ್ ವಾಷರ್ ಬೇಕೇ ಬೇಕು ಅನ್ನುವುದಾದರೆ 50 ಬಾರ್ ಒಳಗೆ, 40 ಡಿಗ್ರಿ ಫ್ಯಾನ್ ನಾಜಲ್, ಶೀಟಿನಿಂದ ಒಂದಡಿಗಿಂತ ದೂರ. ಜಾಯಿಂಟಿಗೆ ನೇರ ಹೊಡೆದರೆ ಸಿಲಿಕಾನ್ ಬಿಟ್ಟುಕೊಂಡು ನೀರು ಹಿಂದಿನ ಫ್ರೇಮಿಗೆ ಹೋಗುತ್ತದೆ. ಬೋರ್ಡಿನ ಲೈಟ್ ವೈರಿಂಗ್ ಇದ್ದರೆ ಮೇನ್ ತೆಗೆದಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಮಳೆ ಬಡಿಯುವ ಜಾಗಕ್ಕೆ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೊಳೆಯುವವರು ಬೇಕಿಲ್ಲ. ಕೆಡುವುದು ಮಳೆ ತಾಗದ ಜಾಗ. ಪೋರ್ಟಿಕೋದ ಒಳಛಾವಣಿ, ಬಾಲ್ಕನಿಯ ಅಡಿಭಾಗ, ಕಿಟಕಿ ಸಜ್ಜೆಯ ಕೆಳಗಿನ ಒಂದೆರಡು ಅಡಿ, ಸೈನ್‌ಬೋರ್ಡಿನ ಹಿಂಭಾಗ. ಉಪ್ಪುಗಾಳಿ ಅಲ್ಲಿಗೆ ಹೋಗುತ್ತದೆ, ನೀರು ಹೋಗುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ. ತೊಳೆಯುವವರು ಎದುರಿಗೆ ಕಾಣುವ ಗೋಡೆಯನ್ನು ಫಳಫಳ ಮಾಡಿ ಈ ಜಾಗಗಳನ್ನೆಲ್ಲ ಬಿಟ್ಟು ಹೋಗುತ್ತಾರೆ. ಕಾಂಟ್ರಾಕ್ಟಿನಲ್ಲಿ ಇವನ್ನು ಹೆಸರಿಟ್ಟು ಬರೆಯಿಸಿ. ಇಡೀ ಕಟ್ಟಡ ವರ್ಷಕ್ಕೆ ಮೂರು ಸಲ (ಅಕ್ಟೋಬರ್, ಜನವರಿ, ಏಪ್ರಿಲ್), ಈ ಮರೆಯ ಜಾಗಗಳು ತಿಂಗಳಿಗೊಮ್ಮೆ ಬರಿ ನೀರು, ಮಳೆಗಾಲದಲ್ಲೂ.

ಸ್ಕ್ರೂ-ಶೀಟ್ ಅಂಕೋಲಾ

ಮೇಲಿನವರು ಹೇಳಿದ್ದು ಸರಿ. ಹಿಂದಿನ ಗ್ಯಾಲ್ವಾಲ್ಯೂಮ್ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಎಸಿಪಿಗೆ ಹೇಳುವುದೆಲ್ಲ ಅದಕ್ಕೆ ಹೊಂದುವುದಿಲ್ಲ.

ಸ್ಕ್ರೂ ತುಕ್ಕು ಹಿಡಿದಿದೆ ಎಂದಾಗ "ಎಲ್ಲ ತೆಗೆದು ಎಸ್‌ಎಸ್ ಸ್ಕ್ರೂ ಹೊಡೆಯಿರಿ" ಎಂಬ ಸಲಹೆ ಬಂದೇ ಬರುತ್ತದೆ. ಗ್ಯಾಲ್ವಾಲ್ಯೂಮ್ ಶೀಟಿಗೆ ಅದು ಬೇಡ. ಆ ಶೀಟಿನ ಲೇಪ 55% ಅಲ್ಯೂಮಿನಿಯಂ, 43.4% ಸತು, 1.6% ಸಿಲಿಕಾನ್. ಉಪ್ಪುನೀರು ನಿಂತಾಗ ಎಸ್‌ಎಸ್ ಸ್ಕ್ರೂ ಹಾಗೇ ಉಳಿಯುತ್ತದೆ, ಅದರ ಸುತ್ತಲಿನ ಲೇಪ ಕರಗುತ್ತದೆ. ನಾಲ್ಕಾರು ವರ್ಷಕ್ಕೆ ಸ್ಕ್ರೂ ಹೊಳೆಯುತ್ತಾ ಇರುತ್ತದೆ, ತೂತು ದೊಡ್ಡದಾಗಿರುತ್ತದೆ. ಕರಾವಳಿಗೆಂದೇ ದಪ್ಪ ಲೇಪ ಕೊಟ್ಟ ಕ್ಲಾಸ್ 4 ಕಾರ್ಬನ್ ಸ್ಟೀಲ್ ಸ್ಕ್ರೂ ಕೇಳಿ ತೆಗೆದುಕೊಳ್ಳಿ. ಈಗ ತುಕ್ಕು ಹಿಡಿದಿರುವುದು ಬರಿ ತೆಳು ಜಿಂಕ್ ಪ್ಲೇಟಿಂಗ್‌ನದು, ಒಳಗಿನ ಪಾರ್ಟಿಷನ್ ಕೆಲಸಕ್ಕೆ ಲಾಯಕ್ಕು. ಅಲ್ಯೂಮಿನಿಯಂ ಶೀಟ್ ಅಥವಾ ಎಸಿಪಿ ಫ್ರೇಮಿಗೆ ಎಸ್‌ಎಸ್ ಸ್ಕ್ರೂ ಪರವಾಗಿಲ್ಲ. ಅಲ್ಲಿ ಅಲ್ಯೂಮಿನಿಯಂ ದಪ್ಪ, ಸ್ಕ್ರೂ ಸಣ್ಣದು. ನಡುವೆ ಇಪಿಡಿಎಂ (ಬಿಸಿಲು-ಮಳೆ ತಾಳುವ ರಬ್ಬರ್) ವಾಷರ್ ಇರಲೇಬೇಕು.

ಹಳೆಯ ತೂತು 5.5 ಮಿ.ಮೀ. ಸ್ಕ್ರೂನದಾದರೆ ಅದೇ ಜಾಗಕ್ಕೆ 6.3 ಮಿ.ಮೀ. ಹಾಕಿ, ಹಿಡಿತ ಸಿಗುತ್ತದೆ. ಒಂದು ತೆಗೆದು ಒಂದು ಹಾಕುತ್ತ ಹೋಗಬೇಕು, ಇಡೀ ಸಾಲು ಬಿಚ್ಚಬಾರದು. ವಾಷರ್ ತಲೆಯ ಅಂಚಿನಿಂದ ಚೂರು ಉಬ್ಬಿ ಕಂಡರೆ ಸಾಕು. ಪೂರ್ತಿ ಪಿಚಕ್ಕೆಂದು ಹೊರಬಂದರೆ ಮುಂದಿನ ಬೇಸಿಗೆಗೆ ಬಿರಿಯುತ್ತದೆ. ಡ್ರಿಲ್ ಮಾಡಿದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಗುಡಿಸಿ ತೊಳೆಯಬೇಕು. ಒಂದು ರಾತ್ರಿಯ ತೇವಕ್ಕೆ ಅದು ಕೆಂಪಾಗಿ, ಶೀಟೇ ತುಕ್ಕು ಹಿಡಿಯಿತು ಎಂದು ಗಾಬರಿಯಾಗುವವರಿದ್ದಾರೆ. ಮೇಲೆ ಗ್ರೈಂಡರ್, ವೆಲ್ಡಿಂಗ್ ಕೆಲಸ ಇದ್ದರೆ ಕೆಳಗೆ ಎಸಿಪಿ ಮುಚ್ಚುವುದಲ್ಲ, ಆ ಕೆಲಸವನ್ನೇ ಬೇರೆ ಕಡೆ ಮಾಡಿಸಿ. ಸಾದಾ ಎಸಿಪಿಯ ಒಳಗಿರುವುದು ಪಾಲಿಥಿನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಇನ್ನೊಂದು ನೋಡಿ: ಎಸಿ ಔಟ್‌ಡೋರ್ ಯೂನಿಟ್‌ನ ತಾಮ್ರದ ಪೈಪಿನಿಂದ ನೀರು ಶೀಟಿನ ಮೇಲೆ ತೊಟ್ಟಿಕ್ಕುತ್ತಿದೆಯೇ? ಆ ನೀರಿನಲ್ಲಿ ತಾಮ್ರದ ಅಂಶ ಇರುತ್ತದೆ. ಅದು ಬಿದ್ದ ದಾರಿಯುದ್ದಕ್ಕೂ ಅಲ್ಯೂಮಿನಿಯಂ, ಸತು ಎರಡೂ ಗುಂಡಿ ಬೀಳುತ್ತವೆ. ಡ್ರೇನ್ ಪೈಪ್ ನೆಲದ ತನಕ ಇಳಿಸಿ.

ರೇಲಿಂಗ್ ಕಲೆ 304 ಗ್ರೇಡಿನದು ಅನಿಸುತ್ತದೆ, ಕರಾವಳಿಗೆ ಮಾಲಿಬ್ಡಿನಂ ಇರುವ 316 ಬೇಕಿತ್ತು. ಸಿಟ್ರಿಕ್ ಆ್ಯಸಿಡ್ ಇರುವ ಎಸ್‌ಎಸ್ ಕ್ಲೀನರ್ ಹಚ್ಚಿ, ನೈಲಾನ್ ಪ್ಯಾಡಿನಿಂದ ಗೆರೆಯ ದಿಕ್ಕಿಗೇ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೆಳಗಿನ ಎಸಿಪಿಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳಿ. ಕಬ್ಬಿಣದ ನಾರು ಬಳಸಿದರೆ ಅದರ ಚೂರು ಕಚ್ಚಿಕೊಂಡು ವಾರದೊಳಗೆ ಮತ್ತೆ ಕೆಂಪು.

ಶಿರಸಿ ತೋಟದ ಕಡೆಯವ

ಘಟ್ಟದ ಮೇಲಿನವರೂ ಇದನ್ನು ಓದುತ್ತಾರೆ ಅಂತ ಬರೀತಿದ್ದೇನೆ ಮಾರಾಯ್ರೆ. ನಮ್ಮಲ್ಲಿ ಉಪ್ಪಿಲ್ಲ, ಪಾಚಿ. ಉತ್ತರದ ಗೋಡೆ, ಮರದ ನೆರಳಿನ ಶೀಟು ಮಳೆಗಾಲ ಮುಗಿಯುವಷ್ಟರಲ್ಲಿ ಹಸಿರು, ಆಮೇಲೆ ಕಪ್ಪು. ಸೋಪಿಗೆ ಹೋಗದಿದ್ದರೆ ಅಂಗಡಿಯ 4-5% ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ಒಂದು ಪಾಲಿಗೆ ಐದು ಪಾಲು ನೀರು. ಬಣ್ಣ ಗಟ್ಟಿಯಿರುವ ಕಡೆ ಮಾತ್ರ ಹಚ್ಚಿ, ಐದು ನಿಮಿಷಕ್ಕೆ ತೊಳೆದುಬಿಡಬೇಕು. ಬರಿ ಅಲ್ಯೂಮಿನಿಯಂ, ಎಸ್‌ಎಸ್ ಮೇಲೆ ಬೇಡ. ಯಾವುದೇ ಆ್ಯಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಜೀವಕ್ಕೇ ಅಪಾಯ.

ಮತ್ತೆ, ಅಡಿಕೆ ತೋಟಕ್ಕೆ ತಾಗಿದ ಮನೆ, ಗೋದಾಮುಗಳಿಗೆ ಬೋರ್ಡೋ (ಅಡಿಕೆಗೆ ಹೊಡೆಯುವ ಶಿಲೀಂಧ್ರದ ಮದ್ದು) ಕಾಟ. 1% ದ್ರಾವಣ ಅಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ತಾಮ್ರ, ಸುಣ್ಣ ಎರಡೂ ಈ ಶೀಟುಗಳಿಗೆ ಆಗದವು. ಕೊಳೆರೋಗಕ್ಕೆ ಮದ್ದು ಹೊಡೆದ ದಿನ ಗಾಳಿಗೆ ಹಾರಿ ಶೀಟಿಗೆ ಬಿದ್ದ ನೀಲಿ ಚುಕ್ಕೆಗಳನ್ನು ಅವತ್ತೇ ಬರಿ ನೀರಿನಲ್ಲಿ ತೊಳೆದರೆ ಹೋಗುತ್ತವೆ. ಒಣಗಿದ ಮೇಲೆ ಕೆರೆಯಲು ಹೋದರೆ ಬಣ್ಣವೂ ಬರುತ್ತದೆ. ಗ್ಯಾಲ್ವಾಲ್ಯೂಮ್ ಗೋದಾಮಿನ ಒಳಗೆ ಮದ್ದಿನ ಡ್ರಮ್ಮನ್ನು ಗೋಡೆಗೆ ತಾಗಿಸಿ ಇಡಬೇಡಿ.

ಕೋಡಿಬಾಗ ಕಾಂಪ್ಲೆಕ್ಸ್

ಎಲ್ಲರಿಗೂ ಥ್ಯಾಂಕ್ಸ್. ನೋಡಿದೆವು: ನೀಲಿಯ ಪುಡಿ ಒಣಗಿದ ಮೇಲೂ ಬರುತ್ತದೆ, ಒದ್ದೆ ಇದ್ದಾಗ ಬಣ್ಣ ಚೆನ್ನಾಗಿದೆ. ಬೆಳ್ಳಿ ಶೀಟಿನಲ್ಲಿ ಇಲ್ಲ. ಕೆಳಗಿನ ಸಾಲಿನ ಕೆಸೆಟ್‌ಗಳ (ಅಂಚು ಮಡಿಚಿ ತಟ್ಟೆಯ ಹಾಗೆ ಮಾಡಿದ ಎಸಿಪಿ ತುಂಡುಗಳ) ಅಡಿಗೆ ಕೈ ಹಾಕಿದರೆ ಒಂದೂ ತೂತಿಲ್ಲ, ಪೂರ್ತಿ ಸಿಲಿಕಾನ್ ತುಂಬಿದ್ದಾರೆ. ಕೆಲವು ಕಡೆ ಅಂಚು ಪ್ಲಿಂತ್ (ಕಟ್ಟಡದ ಬುಡದ ಕಟ್ಟೆ) ಗಾರೆಗೆ ತಾಗಿಯೇ ಇದೆ. ಕಪ್ಪು ಗೆರೆ ಸೋಪಿಗೆ ಅರ್ಧ ಹೋಯಿತು, ಅರ್ಧ ಜಿಡ್ಡಿನ ಹಾಗೆ ಉಳಿಯಿತು.

ಫಸಾಡ್ ಕುಮಟಾ

ಹಾಗಾದರೆ ನೀಲಿಯದು ಚಾಕಿಂಗ್. ಪಿವಿಡಿಎಫ್ (ಬಿಸಿಲು ತಾಳುವ ಫ್ಲೋರೋಪಾಲಿಮರ್) ಬಣ್ಣ ಆರು ವರ್ಷಕ್ಕೆ ಹೀಗಾಗುವುದು ಅಪರೂಪ. ಪಾಲಿಯೆಸ್ಟರ್ ಬಣ್ಣದ ಶೀಟನ್ನು ಹೊರಗೆ ಹೊಡೆದಿರಬೇಕು. ಬಿಲ್ಲಿನಲ್ಲಿ ಏನು ಬರೆದಿದೆ ನೋಡಿ. ವಾರಂಟಿ ಕಾಗದ ಇದ್ದರೆ ಸಮುದ್ರದಿಂದ ಎಷ್ಟು ದೂರ ಎಂಬ ಷರತ್ತು ಮತ್ತು ತೊಳೆದ ದಾಖಲೆಯ ಷರತ್ತು ಎರಡನ್ನೂ ಓದಿ. ಎಷ್ಟು ತೊಳೆದರೂ ಈ ಬಣ್ಣ ಮರಳುವುದಿಲ್ಲ, ಜೋರಾಗಿ ಉಜ್ಜಿದಷ್ಟೂ ಉಳಿದದ್ದು ಹೋಗುತ್ತದೆ. ಎರಡು ದಾರಿ: ಹಾಗೇ ಬಿಟ್ಟು ಮೆತ್ತಗೆ ತೊಳೆಯುತ್ತಿರುವುದು, ಇಲ್ಲವೇ ಉಪ್ಪು ಪೂರ್ತಿ ತೊಳೆದು, 400 ನಂಬರ್ ಕಾಗದದಿಂದ ಹಗುರಾಗಿ ತಿಕ್ಕಿ, ಗಾಳಿಗೆ ಒಣಗುವ ಎರಡು ಭಾಗದ (ಬಣ್ಣ, ಹಾರ್ಡನರ್ ಬೆರೆಸುವ) ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ ಸ್ಪ್ರೇ ಮಾಡಿಸುವುದು. ಮೊದಲು ತಿಕ್ಕಿ ಆಮೇಲೆ ತೊಳೆದರೆ ಉಪ್ಪು ಗೀರಿನೊಳಗೆ ಸೇರಿ ಹೊಸ ಬಣ್ಣದಡಿ ಗುಳ್ಳೆ ಏಳುತ್ತದೆ.

ಬುಡದ ಗುಳ್ಳೆಗೆ ಕಾರಣ ನೀವೇ ಕಂಡುಹಿಡಿದಿದ್ದೀರಿ. ಜಾಯಿಂಟಿನಲ್ಲಿ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕೆಸೆಟ್ ತಳದಲ್ಲಿ ನಿಲ್ಲುತ್ತದೆ, ಕತ್ತರಿಸಿದ ಅಂಚಿನಿಂದ ಬಣ್ಣದಡಿಗೆ ನುಸುಳುತ್ತದೆ. ಪ್ರತಿ ಕೆಸೆಟ್ ತಳದ ಎರಡೂ ತುದಿಗೆ 8 ಮಿ.ಮೀ. ತೂತು ಕೊರೆಸಿ. ಮೊದಲ ದಿನ ಕೊಳಕು ನೀರು ಸುರಿದೀತು, ಕೆಳಗೆ ಅಂಗಡಿಯವರಿಗೆ ಹೇಳಿಟ್ಟಿರಿ. ಗಾರೆಗೆ ತಾಗಿದ ಕಡೆ ಪ್ಲಿಂತ್ ಕಡಿದು 20 ಮಿ.ಮೀ. ಸಂದು ಬಿಡಿ, ಸಿಮೆಂಟಿನ ಕ್ಷಾರ ಒದ್ದೆಯಾದಾಗೆಲ್ಲ ಅಲ್ಯೂಮಿನಿಯಂ ತಿನ್ನುತ್ತಿರುತ್ತದೆ. ಎರಡು ಪದರ ಬಿಟ್ಟುಕೊಂಡ ಶೀಟುಗಳನ್ನು ಬದಲಿಸದೆ ಗತಿಯಿಲ್ಲ, ಅಂಟಿಸಿದರೆ ನಿಲ್ಲುವುದಿಲ್ಲ. ಅವನ್ನು ಬಿಚ್ಚಿದಾಗ ಹಿಂದಿನ ಫ್ರೇಮ್ ನೋಡಿ. ರೆಡ್ ಆಕ್ಸೈಡ್ ಬಳಿದ ಎಂಎಸ್ (ಸಾದಾ ಕಬ್ಬಿಣ) ಪೈಪ್ ಕಂಡರೆ ಶೀಟಿನ ಚಿಂತೆ ಬಿಟ್ಟು ಮೊದಲು ಅದನ್ನು ಎಂಜಿನಿಯರ್‌ಗೆ ತೋರಿಸಿ.

ಜಿಡ್ಡಿನ ಗೆರೆ ಸಿಲಿಕಾನಿನಿಂದ ಒಸರಿದ ಎಣ್ಣೆ, ಅದಕ್ಕೆ ಧೂಳು ಅಂಟಿದೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ನೀರು ಸಮ ಪಾಲು ಬೆರೆಸಿ ಬಿಳಿ ಬಟ್ಟೆಯಲ್ಲಿ ಒರೆಸಿ, ಕೂಡಲೇ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಒಂದೇ ಬಟ್ಟೆಯಾದರೆ ಎಣ್ಣೆ ಅತ್ತಿಂದಿತ್ತ ಹೋಗುತ್ತದೆ ಅಷ್ಟೆ. ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ತಿನ್ನರ್, ಅಸಿಟೋನ್ ಬೇಡ. ಸಿಲಿಕಾನ್ ಹಾಗೇ ಉಳಿದರೆ ಗೆರೆ ಮತ್ತೆ ಇಳಿಯುವುದರಿಂದ, ಹಳೆಯದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಬ್ಯಾಕರ್ ರಾಡ್ (ಸಂದಿನೊಳಗೆ ತುರುಕುವ ಫೋಮ್ ಕಡ್ಡಿ) ಕೂರಿಸಿ, ಕಲೆ ಬಿಡದ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆಮ್ಲ ಬಿಡದ) ವೆದರ್ ಸೀಲೆಂಟ್ ತುಂಬಿಸಿ. ವಿನಿಗರ್ ವಾಸನೆ ಬರುವ ಸಿಲಿಕಾನ್ ಆದರೆ ಅಂಗಡಿಗೇ ವಾಪಸ್. 12 ಮಿ.ಮೀ. ಅಗಲದ ಜಾಯಿಂಟಿಗೆ 6 ಮಿ.ಮೀ. ಆಳ ಸಾಕು, ರಾಡ್ 15 ಮಿ.ಮೀ.ನದು. ಆ ಲೆಕ್ಕಕ್ಕೆ 600 ಮಿ.ಲೀ. ಸಾಸೇಜ್ (ಸೀಲೆಂಟಿನ ಉದ್ದನೆಯ ಪೊಟ್ಟಣ) ಒಂದಕ್ಕೆ 8 ಮೀಟರ್ ಬರುತ್ತದೆ, ವೇಸ್ಟ್ ಸೇರಿ 7 ಹಿಡಿಯಿರಿ. ಮಳೆ ಬಿಟ್ಟು ಗೋಡೆ ಚೆನ್ನಾಗಿ ಒಣಗಿದ ನವೆಂಬರ್ ಮೇಲೆಯೇ ಈ ಕೆಲಸ ಇಟ್ಟುಕೊಳ್ಳಿ. ಸಾರವೆ ಹೇಗೂ ಕಟ್ಟಿಸುತ್ತೀರಿ, ತೊಳೆಯುವುದನ್ನೂ ಸ್ಕ್ರೂ ಬದಲಿಸುವುದನ್ನೂ ಅದರಲ್ಲೇ ಮುಗಿಸಿ.