20,000 ರೂಪಾಯಿ ಯಾವ ಮುಕ್ತ ತಂತ್ರಾಂಶಕ್ಕೆ?

ನೀರ್ಚಾಲು ಮಾಷ್ಟ್ರು: ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು 20,000 ರೂಪಾಯಿ ಒಟ್ಟು ಮಾಡಿದ್ದಾರೆ. ಮಕ್ಕಳು ದಿನಾ ಬಳಸುವ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಒಂದು ಮುಕ್ತ ತಂತ್ರಾಂಶಕ್ಕೆ ಕೊಡಬೇಕು ಅಂತ ಆಸೆ. ನಮ್ಮ ಕೇರಳದ ಶಾಲೆಗಳಲ್ಲಿ ಸರಕಾರದ ಶಾಲಾ ಕಂಪ್ಯೂಟರ್ ಸಂಸ್ಥೆ ಕೈಟ್‌ನವರು ಕೊಟ್ಟ ಉಬುಂಟು ಇದೆ, ವಿಂಡೋಸ್ ಬದಲಿಗೆ. ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆಯೂ ಅದರಲ್ಲೇ. ನನ್ನ ಮತ ಮಕ್ಕಳು ಬರೆಯಲು, ಲೆಕ್ಕ ಹಾಕಲು ಬಳಸುವ ಲಿಬ್ರೆ ಆಫೀಸ್‌ಗೆ. ನೀವು ಏನು ಹೇಳುತ್ತೀರಿ?

ಉಪ್ಪಳದ ಸರ್ವರ್ ಕೆಲಸದವ: "ದಿನಾ ಬಳಸುವ" ಅಂದಿರಲ್ಲ ಮಾಷ್ಟ್ರೇ, ಅಲ್ಲೇ ತಪ್ಪುವುದು. ಕಣ್ಣಿಗೆ ಕಾಣುವುದಕ್ಕೆ ಎಲ್ಲರೂ ಕೊಡುತ್ತಾರೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ತೂತು ಸಿಕ್ಕಿತು. ಎಷ್ಟೋ ಬ್ಯಾಂಕು, ಇಮೇಲ್ ತಾಣಗಳ ಬೀಗ ಓಪನ್‌ಎಸ್‌ಎಸ್‌ಎಲ್. ಆಗ ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. 2024ರಲ್ಲಿ ಫೈಲ್ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್. ಒಬ್ಬರೇ ದಣಿದು ನೋಡಿಕೊಳ್ಳುತ್ತಿದ್ದರು, ಸಹಾಯಕ್ಕೆ ಬಂದವನೇ ಹಿಂಬಾಗಿಲು ಇಟ್ಟ. ಇಂಥದಕ್ಕೆ ಕೊಡಿ.

ಮಧೂರು ಭಟ್: "2,000 ಡಾಲರ್" ಆಗಿನ ಮಾತು. ಆಮೇಲೆ ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಹಾಕಿದವು. 2024ರಲ್ಲಿ ಷೇರು ದಲ್ಲಾಳಿ ಕಂಪೆನಿ ಝೆರೋಧಾದವರೂ ಮುಕ್ತ ತಂತ್ರಾಂಶಗಳಿಗೆ ಅಂತ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಇಟ್ಟರು. ನಮ್ಮ 20,000 ಅಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗುಬ್ಬಿ, ನವಿಲು ಥರದ ಕನ್ನಡ ಫಾಂಟ್‌ಗಳಿಗೆ ಕೊಡಿ. ಆದರೆ ಲೈಸೆನ್ಸ್ ಜಿಪಿಎಲ್ ಇರಬೇಕು, ತಿದ್ದಿ ಹಂಚಿದರೆ ಅದೂ ಮುಕ್ತವಾಗಿಯೇ ಇರಬೇಕು ಎನ್ನುವ ಲೈಸೆನ್ಸ್ ಅದು.

ಬದಿಯಡ್ಕ ಡಿಟಿಪಿ ಅಕ್ಕ: "ಜಿಪಿಎಲ್ ಇರಬೇಕು" ಅಂದರೆ ನನಗೆ ಕಷ್ಟ. ನಾನು ಬ್ರಹ್ಮಕಲಶದ ಸ್ಮರಣ ಸಂಚಿಕೆ ಮಾಡುವವಳು. ಜಿಪಿಎಲ್ ಫಾಂಟ್ ಹಾಕಿದರೆ ಇಡೀ ಸಂಚಿಕೆಯೇ ಜಿಪಿಎಲ್ ಆಗುತ್ತದೆ ಅಂತ ಓದಿದ್ದೇನೆ. ಲೇಖನ ಕೊಟ್ಟವರಿಗೆ ಏನು ಹೇಳಲಿ?

ಮಧೂರು ಭಟ್: ಕಾಗದದ ಮೇಲೆ ಮಸಿ ಬಿದ್ದರೆ ಲೈಸೆನ್ಸ್ ಅಂಟುವುದಿಲ್ಲ.

ಬದಿಯಡ್ಕ ಡಿಟಿಪಿ ಅಕ್ಕ: ಕಾಗದ ಬಿಡಿ. ಈಗ ಪಿಡಿಎಫ್ಫೇ ವಾಟ್ಸಾಪಿನಲ್ಲಿ ಊರಿಗೆಲ್ಲ ಹೋಗುತ್ತದೆ. ಫಾಂಟ್ ಅದರ ಒಳಗೇ ಇರುತ್ತದೆ.

ಪೆರ್ಲದ ಹುಡುಗ: ಅಕ್ಕ ಹೇಳಿದ್ದು ಅರ್ಧ ಸರಿ. ಅದಕ್ಕೇ ಜಿಪಿಎಲ್ ಜೊತೆ "ಫಾಂಟ್ ಎಕ್ಸೆಪ್ಶನ್" ಅಂತ ಒಂದು ಮಾತು ಸೇರಿಸುತ್ತಾರೆ, ಫಾಂಟ್ ಒಳಗಿದ್ದ ಮಾತ್ರಕ್ಕೆ ದಾಖಲೆ ಜಿಪಿಎಲ್ ಆಗುವುದಿಲ್ಲ ಅಂತ. ಗ್ನೂ ಫ್ರೀಫಾಂಟ್‌ನಲ್ಲಿ ಇದೆ. ನೋಟೊ ಕನ್ನಡ ಫಾಂಟಿನ ಓಎಫ್‌ಎಲ್ ಲೈಸೆನ್ಸಿನಲ್ಲಂತೂ (ಅದು ಫಾಂಟ್‌ಗಳಿಗೆಂದೇ ಮಾಡಿದ್ದು), ಫಾಂಟ್ ಬಳಸಿ ಮಾಡಿದ ದಾಖಲೆಗೆ ಅದೇ ಲೈಸೆನ್ಸ್ ಇರಬೇಕೆಂಬ ಷರತ್ತು ಇಲ್ಲ ಅಂತ ನೇರವಾಗಿಯೇ ಬರೆದಿದೆ.

ಮಧೂರು ಭಟ್: "ಅರ್ಧ ಸರಿ" ಅಲ್ಲ, ಪೂರ್ತಿ ತಪ್ಪು. ಎಕ್ಸೆಪ್ಶನ್ ಇದೆ ಅಂದಮೇಲೆ ತೊಂದರೆ ಎಲ್ಲಿ?

ಬದಿಯಡ್ಕ ಡಿಟಿಪಿ ಅಕ್ಕ: ಅದು ಇಲ್ಲದ ಫಾಂಟ್ ಆದರೆ? ಭಟ್ರೇ, ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಂದು ಸಲ ಗಿರಾಕಿ ತಂದ ಫಾಂಟಿಗೆ ತಕರಾರು ಬಂತು. 600 ಪ್ರತಿ ಮತ್ತೆ ಅಚ್ಚು ಹಾಕಿಸಿದೆ, ನನ್ನ ಕೈಯಿಂದಲೇ ಹಣ ಹೋಯಿತು.

ಮಧೂರು ಭಟ್: ಅದು ಕದ್ದ ಫಾಂಟ್ ಇರಬೇಕು. ಅದಕ್ಕೂ ಜಿಪಿಎಲ್‌ಗೂ ಸಂಬಂಧ ಇಲ್ಲ.

ಬದಿಯಡ್ಕ ಡಿಟಿಪಿ ಅಕ್ಕ: ಕದ್ದದ್ದು? ಅಂಗಡಿಗೆ ಬಂದು ನನ್ನ ಮುಖ ನೋಡಿ ಹೇಳಿ ಆ ಮಾತನ್ನು!

ಪೆರ್ಲದ ಹುಡುಗ: ಭಟ್ರೇ, ಓಎಫ್‌ಎಲ್ ಫಾಂಟನ್ನು ತಿದ್ದಿ ಹಂಚಿದರೂ ಅದೇ ಲೈಸೆನ್ಸಿನಲ್ಲೇ ಹಂಚಬೇಕು. ನಿಮಗೆ ಬೇಕಾದ್ದು ಅದೇ ಅಲ್ವಾ?

ಮಧೂರು ಭಟ್: "ತಿದ್ದಿ ಹಂಚಿದರೂ" ಅಂದೆಯಲ್ಲ ತಮ್ಮ, ತಿದ್ದಿದ ಮೂಲ ಫೈಲ್ ಕೊಡಬೇಕು ಅಂತ ಅದರಲ್ಲಿ ಎಲ್ಲಿದೆ? ಜಿಪಿಎಲ್ ಅದನ್ನು ಕೇಳುತ್ತದೆ, ಓಎಫ್‌ಎಲ್ ಕೇಳುವುದಿಲ್ಲ. ಮೂಲ ಇಲ್ಲದೆ ಮುಂದಿನವರು ಏನು ಮಾಡಬೇಕು?

ಪೆರ್ಲದ ಹುಡುಗ: ಮೂಲ ಫೈಲ್ ಇದ್ದರೂ ಫಾಂಟ್ ಒಂದೇ ಸಾಲದು. "ಸ್ತ್ರೀ" ಅಂತ ಬರೆದರೆ ಆ ಎರಡೂ ಒತ್ತುಗಳನ್ನು ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಝ್ ಎಂಬ ತಂತ್ರಾಂಶ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಮಾಷ್ಟ್ರ ಲಿಬ್ರೆ ಆಫೀಸ್, ಎಲ್ಲದರಲ್ಲೂ ಅದೇ. ಲೈಸೆನ್ಸ್ ಎಂಐಟಿ ಥರದ್ದು. ಕೊಡುವುದಾದರೆ ಅದಕ್ಕೆ ಕೊಡಿ.

ಮಧೂರು ಭಟ್: ಎಂಐಟಿ ಅಂದರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಿ, ತಮ್ಮ ತಿದ್ದುಪಡಿ ತೋರಿಸದೆ ಬಾಗಿಲು ಹಾಕಬಹುದು. ಅದನ್ನು ಬರೆದ ಬೆಹ್ದಾದ್ ಎಸ್ಫಹ್ಬೋದ್ ರೆಡ್ ಹ್ಯಾಟ್, ಗೂಗಲ್‌ಗಳಲ್ಲಿ ಸಂಬಳಕ್ಕಿದ್ದವರು. ಅಲ್ಲಿಗೆ ನಮ್ಮ ಮಕ್ಕಳ ಹಣ ಯಾಕೆ?

ಉಪ್ಪಳದ ಸರ್ವರ್ ಕೆಲಸದವ: "ಸಂಬಳಕ್ಕಿದ್ದವರು"! ನಾನು ಮೊದಲೇ ಹೇಳಿದ್ದು ಅದೇ. ಸಂಬಳ ಇಲ್ಲದೆ ದುಡಿಯುವವರಿಗೆ ಕೊಡಿ. ಎಕ್ಸ್‌ಝಡ್ ಬಗ್ಗೆ ಒಬ್ಬರೂ ಉತ್ತರ ಕೊಟ್ಟಿಲ್ಲ.

ನೀರ್ಚಾಲು ಮಾಷ್ಟ್ರು: ಲಿಬ್ರೆ ಆಫೀಸ್ ಬಗ್ಗೆಯೂ ಯಾರೂ ಹೇಳಲಿಲ್ಲ. ಭಾನುವಾರ ಸಭೆ ಇದೆ, ಒಂದು ಹೆಸರು ಬೇಕು.

ಬದಿಯಡ್ಕ ಡಿಟಿಪಿ ಅಕ್ಕ: ಮಾಷ್ಟ್ರೇ, ಫಾಂಟಿಗೆ ಕೊಡುವುದಾದರೆ ಲೈಸೆನ್ಸ್ ಫೈಲಿನಲ್ಲಿ ಆ ಎಕ್ಸೆಪ್ಶನ್ ಇದೆಯಾ ಅಂತ ಮೊದಲು ನೋಡಿ. ಭಟ್ರು "ಕದ್ದ" ಅಂದದ್ದನ್ನು ಇನ್ನೂ ಹಿಂದೆ ತೆಗೆದುಕೊಂಡಿಲ್ಲ.